ಒಂದು ಮಾತ್ರೆಗೆ ನಾಲ್ಕು ಲೀಟರ್ ಹಾಲು

ನಂಜನಗೂಡಿನಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿರುವವನ ತಾಯಿ ತನ್ನ ಬಿ.ಪಿ. ಮಾತ್ರೆ ತರಲು ಬಸ್ಸು ಹತ್ತಿ ಟಿ. ನರಸೀಪುರಕ್ಕೆ ಹೋಗುತ್ತಿದ್ದಳು ಎಂದರೆ, ಊರಿನವರು ಆ ಮಗನ ಬಗ್ಗೆ ಏನಂದುಕೊಳ್ಳಬೇಕು? ಆ ಮಗ ನಾನು. ಅವಳು ಹೋಗುತ್ತಿದ್ದದ್ದು ನನ್ನ ಗೆಳೆಯನ ಅಂಗಡಿಗೆ. ಗೆಳೆಯ ಎಂದು ಬರೆಯುವಾಗಲೂ ಕೈ ಸ್ವಲ್ಪ ತಡೆಯುತ್ತದೆ. ಅವನು ತೀರಿಕೊಂಡು ಬರುವ ಶ್ರಾವಣಕ್ಕೆ ವರ್ಷ ತುಂಬುತ್ತದೆ. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಅನ್ನುತ್ತಾರೆ. ನಿಜವೇ. ಆದರೆ ಬದುಕಿದ್ದಾಗ ಪಟ್ಟ ಕಿಚ್ಚು ಅಷ್ಟು ಬೇಗ ಆರುವುದಿಲ್ಲ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಬಾಗಿಲು ಮುಚ್ಚಿರುವ ಅವನ ಅಂಗಡಿಗೂ ಗಿರಾಕಿಗಳು ಹೋಗಿ ನಿಂತಾರು. ಅವನ ಅದೃಷ್ಟ ಅಂಥದ್ದು.

ಮೈಸೂರಿನಲ್ಲಿ ಡಿ.ಫಾರ್ಮ ಓದುವಾಗ ಇಬ್ಬರದೂ ಒಂದೇ ಬೆಂಚು. ನಾನು ಫಸ್ಟ್ ಕ್ಲಾಸು. ಅವನು ಒಂದು ವಿಷಯದಲ್ಲಿ ಡುಮ್ಕಿ ಹೊಡೆದು ಮತ್ತೆ ಕಟ್ಟಿ ಪಾಸಾದವನು. ಇದನ್ನು ಇಲ್ಲಿ ಹೇಳುವ ಅಗತ್ಯವಿರಲಿಲ್ಲ, ಆದರೂ ಹೇಳಿದ್ದೇನೆ. ಅವನ ಊರು ನರಸೀಪುರ, ಮಾವನ ಮನೆ ನಂಜನಗೂಡು. ನಾನು ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ತೆರೆದು ನೆಮ್ಮದಿಯಾಗಿದ್ದಾಗ ಅವನು ಬಂದು ಎದುರುಸಾಲಿನಲ್ಲೇ ಒಂದು ಮಳಿಗೆ ಹಿಡಿದ.

“ಲೇ, ಇಷ್ಟು ದೊಡ್ಡ ಊರಲ್ಲಿ ನಿಂಗೆ ಇದೇ ಜಾಗ ಬೇಕಿತ್ತಾ?” ಎಂದು ಕೇಳಿದೆ.

“ಎದುರಿಗೆ ನೀನಿದ್ರೆ ಒಂದ್ ಧೈರ್ಯ ಕಣ್ಲಾ,” ಅಂದ.

ಅಂಥವನ ಮೇಲೆ ಬಾಯಿಬಿಟ್ಟು ಸಿಟ್ಟು ಮಾಡುವುದಾದರೂ ಹೇಗೆ? ಒಳಗೇ ಮಾಡಿಕೊಂಡೆ.

ನನ್ನ ಅಂಗಡಿಗೆ ಎಸಿ ಹಾಕಿಸಿದೆ, ಗಾಜಿನ ಬಾಗಿಲು ಕೂರಿಸಿದೆ, ಎಲ್ಲ ಮದ್ದಿಗೂ ರಿಯಾಯಿತಿ ಎಂದು ದೊಡ್ಡ ಬೋರ್ಡು ನೇತುಹಾಕಿದೆ. ಅವನ ಅಂಗಡಿಯಲ್ಲಿ ಇದ್ದದ್ದು ಗಿರಗಿರ ಎನ್ನುವ ಒಂದು ಫ್ಯಾನು ಮತ್ತು ಒಂದು ಮರದ ಬೆಂಚು. ರಿಯಾಯಿತಿ ಒಂದು ಪೈಸೆಯೂ ಇಲ್ಲ. ಆದರೂ ಆ ಬೆಂಚು ಖಾಲಿ ಇದ್ದದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ನನ್ನ ಗಾಜಿನ ಬಾಗಿಲಿನಿಂದ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು, ಅದೊಂದು ಶಿಕ್ಷೆ. ಅವನು ಕುಳ್ಳ ಆಳು, ಕನ್ನಡಕ ಯಾವಾಗಲೂ ಹಣೆಯ ಮೇಲೆ. ಮಾತ್ರೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡುವನು, ಉಗುರಿನಿಂದ ಟಕ್ ಎಂದು ತಟ್ಟುವನು, ಆಮೇಲೆ ಅದನ್ನು ಕೌಂಟರಿನ ಮೇಲೆ ಹಾಕದೆ ಗಿರಾಕಿಯ ಅಂಗೈಗೆ ಇಡುವನು. ಪ್ರಸಾದ ಕೊಡುವ ಅರ್ಚಕನೂ ಅಷ್ಟು ಜತನ ಮಾಡುವುದಿಲ್ಲ. ಹಾಗೆ ಇಡುವಾಗ ಏನೋ ಒಂದು ಮಾತು ಹೇಳುವನು. ಆ ಮಾತು ಕೇಳಿದವರು ಅಂಗೈ ಮುಚ್ಚಿಕೊಂಡು, ಏನೋ ಗೆದ್ದವರ ಹಾಗೆ ಮೆಟ್ಟಿಲಿಳಿದು ಹೋಗುತ್ತಿದ್ದರು. ನನ್ನಲ್ಲಿ ರಿಯಾಯಿತಿ ಪಡೆದವರು ಇನ್ನೂ ಸ್ವಲ್ಪ ಬಿಡಬಹುದಿತ್ತು ಎಂದು ಗೊಣಗಿಕೊಂಡೇ ಹೋಗುತ್ತಿದ್ದರು.

ಆ ಮಾತು ಶುರುವಾದದ್ದಕ್ಕೂ ನನ್ನ ಬಾಗಿಲೇ ಕಾರಣ. ಮೈಸೂರಿಗೆ ಯೋಗ ಕಲಿಯಲು ಬಂದಿದ್ದ ಪರದೇಶದ ಹೆಂಗಸೊಬ್ಬಳು ನಂಜುಂಡೇಶ್ವರನ ದೇವಸ್ಥಾನ ನೋಡಲು ಬಂದಿದ್ದಳು. ದಾರಿಯಲ್ಲಿ ಉಬ್ಬಸ ಹತ್ತಿತು, ತಂದಿದ್ದ ಇನ್ಹೇಲರ್ ಮುಗಿದಿತ್ತು. ಮೊದಲು ಬಂದದ್ದು ನನ್ನ ಅಂಗಡಿಗೇ. ನನ್ನ ಬಾಗಿಲನ್ನು ಎಳೆಯಬೇಕು, ಅವಳು ತಳ್ಳಿದಳು. ತೆರೆಯಲಿಲ್ಲ. ನಾನು ಕೌಂಟರಿನಿಂದ ಏಳುವುದರೊಳಗೆ ರಸ್ತೆ ದಾಟಿ ಅವನ ಬೆಂಚಿನ ಮೇಲೆ ಕೂತುಬಿಟ್ಟಿದ್ದಳು. ಅವನು ಇನ್ಹೇಲರ್ ಕೊಟ್ಟ. ಅವಳು ಅದನ್ನು ಎಳೆದುಕೊಂಡು, ಉಸಿರು ಹಿಡಿತಕ್ಕೆ ಬಂದ ಮೇಲೆ ಒಂದಷ್ಟು ದೊಡ್ಡ ನೋಟು ಕೊಟ್ಟು ಹೊರಟಳು. ಇವನು ಕೂಗಿ ಕರೆದು ಚಿಲ್ಲರೆ ವಾಪಸ್ ಕೊಟ್ಟ. ಕೈಯಲ್ಲಿ ಉಳಿದ ನೋಟುಗಳನ್ನು ನೋಡಿ ಆಕೆಗೆ ನಂಬಿಕೆಯೇ ಬರಲಿಲ್ಲ. ಮತ್ತೆ ಮತ್ತೆ ಬೆಲೆ ಕೇಳಿದಳು, ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. ನಿಮ್ಮಲ್ಲಿ ಇದಕ್ಕೆ ಎಷ್ಟು ಎಂದು ಇವನು ತನ್ನ ಹರಕು ಇಂಗ್ಲಿಷಿನಲ್ಲಿ ವಿಚಾರಿಸಿದ.

ಅದೇ ಸಂಜೆ ಬಿಳಿಗೆರೆ ಕಡೆಯ ಮುದುಕರೊಬ್ಬರು ಅಂಥದೇ ಇನ್ಹೇಲರ್ ಬೇಕೆಂದು ಬಂದರು. ಅವರನ್ನು ನಾನೂ ಬಲ್ಲೆ. ಡಾಕ್ಟರು ದಿನವೂ ಎಳೆದುಕೊಳ್ಳಿ ಎಂದು ಬರೆದುಕೊಟ್ಟರೆ, “ಪುಸ್ ಅನ್ನೋ ಗಾಳೀಗೆ ಇಷ್ಟ್ ದುಡ್ಡಾ?” ಎಂದು ಉಸಿರು ನಿಲ್ಲುವಂತಾದಾಗ ಮಾತ್ರ ಎಳೆದುಕೊಳ್ಳುತ್ತಿದ್ದ ಆಸಾಮಿ. ಇವನು ಇನ್ಹೇಲರನ್ನು ಅವರ ಅಂಗೈಗೆ ಇಟ್ಟು ಹೇಳಿದನಂತೆ, “ಗೌಡ್ರೇ, ಮಧ್ಯಾಹ್ನ ಒಬ್ಬಮ್ಮ ಇದನ್ನೇ ತಕಂಡು ಕಣ್ಣೀರಾಕ್ಬುಟ್ಲು. ಅವ್ರ ದೇಸದಲ್ಲಿ ಇದಕ್ಕೆ ಒಂದು ಕುರಿಮರಿ ಮಾರ್ಬೇಕಂತೆ.”

ಗೌಡರು ಇನ್ಹೇಲರನ್ನು ತಿರುಗಿಸಿ ಮುರುಗಿಸಿ ನೋಡಿ, ಅಂಗಿಯ ಜೇಬಿಗೆ ಬೇಡವೆಂದು ಬನಿಯನ್ನಿನ ಒಳಜೇಬಿಗೆ ಇಳಿಸಿದರು. “ಅಂಗಾರೆ ಒಂದ್ ಕುರೀನೇ ಜೇಬಲ್ಲಿಟ್ಕಂಡ್ ಓಯ್ತಾ ಇವ್ನಿ ಅನ್ನು,” ಎಂದು ರಸ್ತೆಗೆ ಕೇಳುವ ಹಾಗೆ ಹೇಳಿಕೊಂಡು ಹೋದರು. ಅವತ್ತಿನಿಂದ ಹೊತ್ತಿಗೆ ಸರಿಯಾಗಿ ಎಳೆದುಕೊಳ್ಳತೊಡಗಿದರು. ಕುರಿಯನ್ನು ಯಾರಾದರೂ ಹಾಳು ಮಾಡುತ್ತಾರೆಯೇ?

ಇವನಿಗೆ ದಾರಿ ಸಿಕ್ಕಿಬಿಟ್ಟಿತು. ಊಟವಾದ ಮೇಲೆ ನಾನು ಕೂತಲ್ಲೇ ಒಂದು ನಿದ್ದೆ ತೆಗೆಯುವ ಹೊತ್ತಿನಲ್ಲಿ ಇವನು ಮೊಬೈಲಿಗೆ ಮೂಗು ತಾಗಿಸಿ, ಯಾವ ಮದ್ದಿಗೆ ಯಾವ ದೇಶದಲ್ಲಿ ಎಷ್ಟು ಎಂದು ಹುಡುಕುತ್ತಿದ್ದ. ಗಲ್ಫಿನಿಂದ ಬಂದ ಡ್ರೈವರು, ಹೊರದೇಶದಿಂದ ರಜೆಗೆ ಬಂದ ನರ್ಸು, ಯಾರು ಸಿಕ್ಕಿದರೂ ಬೆಂಚಿನ ಮೇಲೆ ಕೂರಿಸಿ ಕೇಳುತ್ತಿದ್ದ. ಆದರೆ ಡಾಲರು, ಪೌಂಡು ಎಂಬ ಮಾತು ಅವನ ಬಾಯಲ್ಲಿ ಬರುತ್ತಿರಲಿಲ್ಲ. “ಡಾಲರ್ ಯಾರ್ ನೋಡವ್ರೆ ಇಲ್ಲಿ? ನೋಡಿರೋದನ್ನ ಯೋಳ್ಬೇಕು,” ಅನ್ನುತ್ತಿದ್ದ. ಡೇರಿಗೆ ಹಾಲು ಹಾಕುವವರಿಗೆ ಹಾಲಿನ ಲೆಕ್ಕ. ರಸಬಾಳೆ ಬೆಳೆದವರಿಗೆ ಗೊನೆಯ ಲೆಕ್ಕ. ಬದನವಾಳಿನಲ್ಲಿ ಖಾದಿ ನೂಲುವ ಹೆಂಗಸಿಗೆ ನೂಲಿನ ಲಡಿಯ ಲೆಕ್ಕ. ತಾಂಡ್ಯದ ಫ್ಯಾಕ್ಟರಿ ಹುಡುಗರಿಗೆ, “ಈ ಸಿರಪ್‌ಗೆ ಅಲ್ಲಿ ಎರಡು ನೈಟ್ ಶಿಫ್ಟ್ ದುಡೀಬೇಕು ನೀನು,” ಎಂದು ಶಿಫ್ಟಿನ ಲೆಕ್ಕ. ಕಮ್ಮಿ ಬೆಲೆಯ ಮಾತ್ರೆ ಕೆಲಸ ಮಾಡುವುದಿಲ್ಲ ಎಂದು ನಮ್ಮ ಕಡೆ ಒಂದು ನಂಬಿಕೆಯಿದೆ. ಡಾಕ್ಟರು ಹತ್ತು ದಿನಕ್ಕೆ ಬರೆದ ಮಾತ್ರೆಯನ್ನು ಮೂರನೇ ದಿನಕ್ಕೇ ಬಿಟ್ಟುಬಿಡುವ ಜನ. ಅದೇ ಜನ ಇವನ ಕೈಯಿಂದ ತೆಗೆದುಕೊಂಡರೆ ಕೊನೆಯ ಮಾತ್ರೆಯವರೆಗೂ ನುಂಗುತ್ತಿದ್ದರು. “ಬಿಟ್ಟಿ ಮದ್ದು ಮೈಗತ್ತಲ್ಲ ಕಣ್ಲಾ,” ಎನ್ನುವುದು ಅವನ ಗಾದೆ. ಅಂಥ ಗಾದೆ ಎಲ್ಲೂ ಇಲ್ಲ, ಅವನೇ ಕಟ್ಟಿಕೊಂಡದ್ದು.

ಇದೇನು ಮಹಾ ವಿದ್ಯೆ, ನನಗೂ ಬರುತ್ತದೆ ಅಂದುಕೊಂಡೆ. ಫಸ್ಟ್ ಕ್ಲಾಸಿನವನು ನಾನು. ಎರಡು ದಿನ ಮೊಬೈಲು ಹುಡುಕಿ ತಯಾರಾದೆ. ಮಾರನೆಯ ಬೆಳಿಗ್ಗೆ, ಹಣೆಗೆ ವಿಭೂತಿ ಧರಿಸಿದ ಹಿರಿಯರೊಬ್ಬರು ಇನ್ಸುಲಿನ್ ಕೇಳಿಕೊಂಡು ಬಂದರು. ಬಾಗಿಲನ್ನು ಸರಿಯಾಗಿ ಎಳೆದೇ ಬಂದರು, ಶುಭಶಕುನ ಎನ್ನಿಸಿತು. ನಾನೂ ಬಾಟಲಿಯನ್ನು ಬೆಳಕಿಗೆ ಹಿಡಿದೆ, ಉಗುರಿನಿಂದ ತಟ್ಟಿದೆ, ಅಂಗೈಗೆ ಇಟ್ಟೆ.

“ಯಜಮಾನ್ರೆ, ಇದಕ್ಕೆ ಅಮೆರಿಕದಲ್ಲಿ ಎರಡು ಟಗರು ಕಡಿಯೋ ದುಡ್ಡು ಕೊಡ್ಬೇಕು, ಗೊತ್ತಾ?” ಅಂದೆ.

ಅವರ ಮುಖ ನೋಡಬೇಕಿತ್ತು. ಬಾಟಲಿಯನ್ನು ಮೆಲ್ಲಗೆ ಕೌಂಟರಿನ ಮೇಲೆ ಇಟ್ಟರು. ಅಂಗಿಯ ಮೇಲಿನಿಂದಲೇ ಎದೆಯ ಮೇಲಿನ ಲಿಂಗವನ್ನು ಒಮ್ಮೆ ಮುಟ್ಟಿಕೊಂಡರು. “ಬೆಳಿಗ್ಗೆ ಬೆಳಿಗ್ಗೆ ಪೂಜೆ ಮುಗಿಸ್ಕಂಡು ಬಂದಿವ್ನಿ. ಮೈಗೆ ಚುಚ್ಕೊಳೋ ಮದ್ದಿನ ಮುಂದೆ ಟಗರು ಕಡಿಯೋ ಮಾತಾಡ್ತೀರಲ್ಲ, ನಿಮ್ಗೇನ್ ಬುದ್ಧಿ ಬಂದದೆ?” ಎಂದು ಹೇಳಿ ಸೀದಾ ರಸ್ತೆ ದಾಟಿದರು. ಅಲ್ಲಿ ಅವನು ಅದೇ ಕಂಪನಿಯ ಬಾಟಲಿ ತೆಗೆದು, ಬೆಳಕಿಗೆ ಹಿಡಿದು, ಏನೋ ಹೇಳಿದ. ಹಿರಿಯರು ನಗುತ್ತಾ ಕೈಮುಗಿದದ್ದು ನನ್ನ ಗಾಜಿನಲ್ಲಿ ಚೆನ್ನಾಗಿ ಕಂಡಿತು. ಸಂಜೆ ತಡೆಯಲಾರದೆ ಹೋಗಿ ಕೇಳಿದೆ, “ಏನಂದೆಯೋ ಅವರಿಗೆ?”

“ಕರು ಹಾಕಿರೋ ಹಸು ಒಂದು ಅಂದೆ.” ಅಷ್ಟು ಹೇಳಿ ನನ್ನ ಬೆನ್ನು ತಟ್ಟಿದ. “ಮಾಂಸ ತಿನ್ನದವ್ರ ಮುಂದೆ ಕುರಿ ಕೋಳಿ ತರಬ್ಯಾಡ ಕಣ್ಲಾ. ಮದ್ದು ಕೊಡಕ್ ಮುಂಚೆ ಹಣೆ ನೋಡು.” ಅವನು ನನ್ನನ್ನು ಗೇಲಿ ಮಾಡಿ ನಕ್ಕಿದ್ದರೆ ಎಷ್ಟೋ ವಾಸಿಯಾಗಿತ್ತು. ಬುದ್ಧಿ ಹೇಳಿದನಲ್ಲ, ಅದು ಉರಿಯಿತು.

ಆಮೇಲೆ ರಸ್ತೆ ಅಗಲ ಮಾಡುವಾಗ ಅವನ ಸಾಲಿನ ಮಳಿಗೆಗಳೆಲ್ಲ ಹೋದವು. ಅವನು ತನ್ನೂರಿಗೆ ಹಿಂತಿರುಗಿ, ನರಸೀಪುರದಲ್ಲಿ ಸಂಗಮಕ್ಕೆ ಹೋಗುವ ರಸ್ತೆಯಲ್ಲಿ ಅಂಗಡಿ ಹಾಕಿದ. ಬೆಂಚನ್ನು ಟೆಂಪೋಗೆ ಏರಿಸುವಾಗ ನಾನೇ ಒಂದು ಕಡೆ ಹಿಡಿದುಕೊಂಡೆ. ಅಷ್ಟು ಸಂತೋಷದಿಂದ ನಾನು ಯಾವ ಭಾರವನ್ನೂ ಎತ್ತಿದವನಲ್ಲ. ಹಾಲು ಕುಡಿದಷ್ಟು ಸಂತೋಷ ಎನ್ನುತ್ತಾರಲ್ಲ, ಹಾಗೆ.

ಆ ಸಂತೋಷ ನಾಲ್ಕು ತಿಂಗಳು ಬಾಳಿತು. ಒಂದು ದಿನ ಗಿರಾಕಿಯೊಬ್ಬ ಚಿಲ್ಲರೆ ಈಸಿಕೊಳ್ಳುತ್ತಾ, “ನಿಮ್ಮವ್ವಾರು ನರಸೀಪುರದಲ್ಲಿ ನಿಮ್ಮ ಫ್ರೆಂಡ್ ಅಂಗಡೀಲಿ ಮಾತ್ರೆ ತಕತಾ ಇದ್ರಲ್ಲ ಸಾ, ಯಾಕ್ ಸ್ಟಾಕ್ ಇಲ್ವಾ?” ಅಂದ.

ಅವ್ವನ ತಂಗಿ ನರಸೀಪುರದಲ್ಲಿದ್ದಾಳೆ. ತಂಗಿಯನ್ನು ನೋಡಿಕೊಂಡು ಬರುತ್ತೇನೆ ಎಂದು ಅವ್ವ ತಿಂಗಳಿಗೊಮ್ಮೆ ಹೊರಡುತ್ತಿದ್ದಳು. ನಾನೇ ಬಸ್ಸು ಹತ್ತಿಸಿ ಬರುತ್ತಿದ್ದೆ. ಅವ್ವನಿಗೆ ಬಿ.ಪಿ. ಇದೆ ಎಂದು ಗೊತ್ತಾದ ದಿನದಿಂದ ನಾನು ನನ್ನ ಅಂಗಡಿಯಿಂದ ಒಳ್ಳೆಯ ಕಂಪನಿಯ ಮಾತ್ರೆಯನ್ನು ತಪ್ಪದೆ ತಂದುಕೊಡುತ್ತಿದ್ದೆ. ಅವ್ವನ ತಾಯಿ, ಅವ್ವನ ಅಣ್ಣ, ಇಬ್ಬರೂ ಲಕ್ವ ಹೊಡೆದು ಮಲಗಿದವರು ಮತ್ತೆ ಏಳಲಿಲ್ಲ. ಹಾಗಾಗಿ ಬೇರೆ ವಿಷಯದಲ್ಲಿ ಎಷ್ಟೇ ಅಸಡ್ಡೆಯಿದ್ದರೂ ಆ ಮಾತ್ರೆಯ ವಿಷಯದಲ್ಲಿ ನನಗೆ ಭಯವಿತ್ತು. ಗಿರಾಕಿಗಳು ಹೋದರೆ ಹೋಗಲಿ, ಹೆತ್ತ ಅವ್ವನನ್ನೂ ಎಳೆದುಕೊಂಡನೇ ಅನ್ನಿಸಿತು.

ಸ್ಕೂಟರ್ ಹತ್ತಿ ನರಸೀಪುರಕ್ಕೆ ಹೋದೆ. ಹೋಗುವ ಮುಂಚೆ ಅಸ್ತ್ರವೊಂದನ್ನು ಹುಡುಕಿಕೊಂಡಿದ್ದೆ. ಬೆಂಚಿನ ಮೇಲೆ ಜನ ತುಂಬಿದ್ದರು, ಅದೇ ನನಗೂ ಬೇಕಾಗಿತ್ತು. ಎಲ್ಲರಿಗೂ ಕೇಳುವ ಹಾಗೆ, “ಲೇ, ಇಂಗ್ಲೆಂಡಲ್ಲಿ ವಯಸ್ಸಾದೋರಿಗೆ ಡಾಕ್ಟ್ರು ಬರೆದ ಮದ್ದೆಲ್ಲ ಬಿಟ್ಟಿ ಸಿಗ್ತದೆ. ಅದನ್ನ ಯಾಕೆ ಇವರಿಗೆ ಹೇಳಲ್ಲ ನೀನು? ಬರೀ ಜಾಸ್ತಿ ರೇಟಿನ ದೇಶಾನೇ ಹೇಳ್ತೀಯ?” ಅಂದೆ.

ಅವನ ಮುಖ ಸಪ್ಪಗಾಗಲಿಲ್ಲ. “ಬಾ, ಬಾ, ಬಿಸಿಲಲ್ಲಿ ಬಂದಿದ್ದೀಯ,” ಎಂದು ಒಳಗೆ ಕರೆದುಕೊಂಡು ಹೋಗಿ, ಔಷಧಿಯ ಪೆಟ್ಟಿಗೆಗಳ ನಡುವೆ ಕೂರಿಸಿ, ಟೀ ತರಿಸಿದ.

“ಇಂಗ್ಲೆಂಡೂ ಗೊತ್ತು ಕಣ್ಲಾ, ಇನ್ನೂ ಎಷ್ಟೋ ದೇಸ ಗೊತ್ತು. ಅಲ್ಲಿ ಸರ್ಕಾರ ಕೊಡ್ತದೆ, ಒಳ್ಳೇದೇ. ಇಲ್ಲಿ ಅದನ್ನ ಯೋಳುದ್ರೆ, ಅಲ್ಲೇ ಸುಮ್ನೆ ಕೊಡೋ ಮಾತ್ರೇಲಿ ಏನಿದ್ದಾತು ಅಂತ ಬಿಸಾಕ್ಬುಡ್ತಾರೆ. ನಾನು ಒಂದ್ ಸುಳ್ಳೂ ಯೋಳಲ್ಲ. ದೇಸ ಆರಿಸ್ಕತೀನಿ, ಅಷ್ಟೇ.”

“ಅದಕ್ಕೂ ನಮ್ಮವ್ವಂಗೂ ಏನು ಸಂಬಂಧ? ನಮ್ಮವ್ವಂಗೆ ಮಾತ್ರೆ ಕೊಡಕ್ಕೆ ನಾನಿಲ್ವಾ?”

ಅವನು ಹಣೆಯ ಮೇಲಿನ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ. ಏನೋ ಹೇಳಲೋ ಬೇಡವೋ ಎನ್ನುವ ಹಾಗಿತ್ತು. “ಅವ್ವ ಒಂದಿನ ಇಲ್ಲಿ ತಲೆ ಸುತ್ತಿ ಬೆಂಚಿನ್ ಮೇಲೆ ಕುಂತ್ಕಬುಟ್ರು. ಬಿ.ಪಿ. ನೋಡ್ದೆ, ಮೆಷಿನ್ನೇ ಕೆಟ್ಟದೇನೋ ಅನ್ಕಂಡೆ, ಅಷ್ಟಿತ್ತು. ಮನೇಲಿ ರಾಗಿ ಹಿಟ್ಟಿನ ಡಬ್ಬದ ಹಿಂದೆ ನೋಡು, ಓಗು. ನಾನು ಯೋಳ್ದೆ ಅಂತ ಅವ್ವಂಗೆ ಅನ್ಬ್ಯಾಡ.”

ಮನೆಗೆ ಬಂದು ಡಬ್ಬ ಸರಿಸಿದೆ. ನಾನು ತಂದುಕೊಟ್ಟ ಮಾತ್ರೆಯ ಪಟ್ಟಿಗಳು ಒಂದೂ ಮುರಿಯದೆ, ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಕೂತಿದ್ದವು. ಅವ್ವ ಎಮ್ಮೆ ಕರೆದು ಚೆಂಬು ಹಿಡಿದುಕೊಂಡು ಒಳಗೆ ಬಂದವಳು ನನ್ನ ಕೈಯಲ್ಲಿದ್ದದ್ದನ್ನು ನೋಡಿ ನಿಂತುಬಿಟ್ಟಳು. ಯಾಕವ್ವಾ ಎಂದು ಕೇಳಿದೆ.

“ನೀನ್ ಸುಮ್ನೆ ತಂದ್ ಕೊಡ್ತಿದ್ದಲ್ಲ ಮಗ,” ಅಂದಳು. “ಕಂಪ್ನೀರು ಬಿಟ್ಟಿ ಕೊಡ್ತಾರಲ್ಲ ಸ್ಯಾಂಪಲ್ಲು, ಅದು ಅನ್ಕಂಡೆ. ಮಾರಕ್ಕಾಗ್ದೇ ಉಳಿದಿದ್ದು ಅವ್ವಂಗೆ ಅಂತ ತತ್ತಾನೆ ಅನ್ಕಂಡೆ. ನಿಂಗೆ ಬೇಜಾರಾಯ್ತದೆ ಅಂತ ಬ್ಯಾಡ ಅನ್ನಿಲ್ಲ.”

ಹಿತ್ತಲ ಗಿಡ ಮದ್ದಲ್ಲ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ. ಆ ಗಿಡಕ್ಕೆ ಹೇಗನ್ನಿಸುತ್ತದೆ ಎಂದು ಅವತ್ತು ಗೊತ್ತಾಯಿತು.

“ಅವನದು ನುಂಗ್ತೀಯಾ?”

“ನುಂಗ್ದೆ ಇನ್ನೇನು? ಅವ್ನು ದುಡ್ ಈಸ್ಕತಾನೆ. ಅದೂ ಅಲ್ದೆ ಒಂದ್ ಮಾತ್ರೆಗೆ ಅಮೇರಿಕ್ದಲ್ಲಿ ನಾಕ್ ಲೀಟ್ರು ಹಾಲಿನ್ ದುಡ್ಡಂತೆ. ನಮ್ಮೆಮ್ಮೆ ಒಪ್ಪೊತ್ತಿಗೆ ಕೊಡೋದೇ ಅಷ್ಟು. ಅಷ್ಟು ಹಾಲ್ನ ನೆಲಕ್ ಚೆಲ್ಲಕ್ಕಾದದಾ?”

ಹಾಗಾದರೆ ನಾಳೆಯಿಂದ ನನಗೂ ದುಡ್ಡು ಕೊಟ್ಟೇ ತೆಗೆದುಕೋ ಅಂದೆ. ಅವ್ವ ಚೆಂಬನ್ನು ಕೆಳಗಿಟ್ಟು ನಕ್ಕಳು. “ಹೆತ್ತವ್ಳತ್ರ ಮಾತ್ರೆಗೆ ದುಡ್ ಈಸ್ಕಂಡ ಅಂದ್ರೆ ಊರೋರು ಉಗಿಯಲ್ವೇನೋ ನಿನ್ನ!” ಹೀಗಾಗಿ ಅವಳ ನರಸೀಪುರದ ಬಸ್ಸು ಮುಂದುವರಿಯಿತು, ಈಗ ತಂಗಿಯ ನೆಪವೂ ಇಲ್ಲದೆ. ಅವ್ವನ ಬಿ.ಪಿ. ಹಿಡಿತಕ್ಕೆ ಬಂತು. ಒಳ್ಳೆಯದೇ ಆಯಿತು. ಒಳ್ಳೆಯದು ಅವನಿಂದ ಆಯಿತಲ್ಲ ಎನ್ನುವುದೇ ನನ್ನ ಸಂಕಟ. ಅವನಿಗೆ ಒಂದು ಥ್ಯಾಂಕ್ಸ್ ಹೇಳಬೇಕಿತ್ತು. ಫೋನ್ ಮಾಡಿದಾಗಲೆಲ್ಲ ಬೇರೆ ಏನೋ ಮಾತಾಡಿ ಇಟ್ಟುಬಿಡುತ್ತಿದ್ದೆ. ಅವನೂ ಒಮ್ಮೆಯೂ ಆ ವಿಷಯ ಎತ್ತಲಿಲ್ಲ. ಎತ್ತಿ ಹಂಗಿಸಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅಷ್ಟು ಉಪಕಾರವನ್ನೂ ಅವನು ಮಾಡಲಿಲ್ಲ.

ಹೋದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಅಂಗಡಿಯ ಷಟರ್ ಎತ್ತುವಾಗ ಎದೆ ಹಿಡಿದುಕೊಂಡು ಅದೇ ಬೆಂಚಿನ ಮೇಲೆ ಕುಳಿತನಂತೆ. ಅಷ್ಟು ದೇಶಗಳ ಮದ್ದು ಬಲ್ಲವನಿಗೆ ಒಂದು ಮಾತ್ರೆ ಕೊಡುವಷ್ಟು ಹೊತ್ತೂ ಸಿಗಲಿಲ್ಲ. ಅವ್ವನನ್ನು ಕರೆದುಕೊಂಡು ಸಾವಿಗೆ ಹೋದೆ. ಬಿಳಿಗೆರೆಯ ಗೌಡರು ಬಂದಿದ್ದರು, ಬನಿಯನ್ನಿನ ಜೇಬಿನಲ್ಲಿ ಇನ್ಹೇಲರಿನ ಉಬ್ಬು ಕಾಣುತ್ತಿತ್ತು. ವಿಭೂತಿಯ ಹಿರಿಯರು ಬಂದಿದ್ದರು, ನನ್ನನ್ನು ನೋಡಿ ಮುಖ ತಿರುಗಿಸಲಿಲ್ಲ. ಬದನವಾಳಿನ ಹೆಂಗಸು ತಾನೇ ನೂತ ನೂಲಿನ ಹಾರ ತಂದಿದ್ದಳು. ಸಂಗಮದ ದಾರಿಯುದ್ದಕ್ಕೂ ಜನ. ನಾನು ಸತ್ತರೆ ಇಷ್ಟು ಮಂದಿ ಬಂದಾರೇ ಎಂದು ಅಲ್ಲಿ ನಿಂತುಕೊಂಡೇ ಲೆಕ್ಕ ಹಾಕಿದೆ. ಸಾವಿನಲ್ಲೂ ಅವನಿಗೇ ಗಿರಾಕಿ ಹೆಚ್ಚು. ಅವ್ವ ಅತ್ತ ಅಳುವನ್ನು ನೋಡಿದವರು ಹೆತ್ತ ತಾಯಿಯೇ ಇರಬೇಕು ಅಂದುಕೊಂಡರು.

ಅವನು ಕೊಟ್ಟಿದ್ದ ಮಾತ್ರೆಗಳು ಮುಗಿದವು. ಅವ್ವ ಬಸ್ಸು ಹತ್ತಲಿಲ್ಲ, ನನ್ನನ್ನೂ ಕೇಳಲಿಲ್ಲ. ಒಂದು ವಾರ ನೋಡಿದೆ. ಬೆಳಿಗ್ಗೆ ಎಮ್ಮೆಯ ಹತ್ತಿರ ಹೋಗುವಾಗ ಗೋಡೆ ಹಿಡಿದುಕೊಂಡು ನಿಲ್ಲತೊಡಗಿದಳು. ಬಿ.ಪಿ. ನೋಡಿದರೆ, ಅವನು ಅಂದಿದ್ದ ಹಾಗೆ, ಮೆಷಿನ್ನೇ ಕೆಟ್ಟಿದೆಯೇನೋ ಅನ್ನುವಷ್ಟಿತ್ತು. ಅವ್ವನ ಅಣ್ಣ ಮಂಚ ಹಿಡಿದಿದ್ದ ವರ್ಷಗಳು ಕಣ್ಣ ಮುಂದೆ ಬಂದವು.

ಆ ಮಧ್ಯಾಹ್ನ ನಿದ್ದೆ ಬಿಟ್ಟು ಮೊಬೈಲು ಹಿಡಿದುಕೊಂಡು ಕೂತೆ. ಹುಡುಕಿದರೆ, ಆ ಮಾತ್ರೆಯ ಬೆಲೆ ಅಮೆರಿಕದಲ್ಲೂ ಬಿದ್ದುಹೋಗಿತ್ತು. ಬೇರೆ ಬೇರೆ ಕಂಪನಿಗಳು ಅಲ್ಲೂ ಅದನ್ನು ಮಾಡತೊಡಗಿದ್ದವು. ನಾಲ್ಕು ಲೀಟರು ಇರಲಿ, ಒಂದು ಲೋಟ ಹಾಲಿನ ದುಡ್ಡೂ ಇರಲಿಲ್ಲ. ದೇಶ ಆರಿಸಿಕೊಳ್ಳೋಣವೆಂದರೆ ನನಗೆ ತಕ್ಕ ದೇಶವೂ ಸಿಗಲಿಲ್ಲ. ಅವನಿದ್ದಿದ್ದರೆ ಎಲ್ಲಿಂದಲೋ ಒಂದನ್ನು ಹುಡುಕಿ ತರುತ್ತಿದ್ದ.

ಸಂಜೆ ಮನೆಗೆ ಬಂದು ಅವ್ವನನ್ನು ಜಗುಲಿಯ ಮೇಲೆ ಕೂರಿಸಿದೆ. ಪಟ್ಟಿಯನ್ನು ಬೆಳಕಿಗೆ ಹಿಡಿದೆ. ಉಗುರಿನಿಂದ ತಟ್ಟಿದೆ. ಒಂದು ಮಾತ್ರೆ ಬಿಡಿಸಿ ಅವಳ ಅಂಗೈಗೆ ಇಟ್ಟೆ. ಅವ್ವ ಅದನ್ನು ನೋಡಿದಳು, ನನ್ನನ್ನು ನೋಡಿದಳು.

“ಇದು ಅಲ್ಲಿ ಎಷ್ಟು?” ಅಂದಳು.

“ಐದು ಲೀಟ್ರು ಹಾಲಿನ ದುಡ್ಡು ಅವ್ವ,” ಅಂದೆ. ಅವನು ಒಂದು ದಿನವೂ ಹೇಳದ ಸುಳ್ಳನ್ನು ನಾನು ಹೇಳಿದೆ.

“ಅವ್ನು ನಾಕು ಅಂತಿದ್ನಲ್ಲ?”

“ಈಗ ಏರಿಬಿಟ್ಟದೆ.”

ಅವ್ವ ಇನ್ನೊಮ್ಮೆ ಮಾತ್ರೆಯನ್ನು ನೋಡಿ, ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಅದು ಗಂಟಲಿನಿಂದ ಇಳಿಯುವವರೆಗೂ ನಾನು ಅವಳ ಕೊರಳನ್ನೇ ನೋಡುತ್ತಾ ಕೂತಿದ್ದೆ. ಲೋಟ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಪಾಪ,” ಅಂದಳು, “ಐದಾಗ್ಬುಟ್ಟದೆ ಅಂತ ಗೊತ್ತಾಗಿದ್ರೆ ಅವ್ನು ಎಷ್ಟು ಚೆಂದಾಗಿ ಯೋಳ್ತಿದ್ನೋ.”